ನಿಮಗಿದು ಗೊತ್ತೆ? ಹಳೇ ಫೋಟೊದ ವಯಸ್ಸು ಬೆನ್ನ ಮೇಲಿದೆ!

ಸಂತೇಬೆನ್ನೂರಿನ 16ನೇ ಶತಮಾನದ ಪುಷ್ಕರಣಿ ಮೆಟ್ಟಿಲ ಮೇಲೆ ಅಜ್ಜ-ಅಜ್ಜಿ ತೆಗೆಸಿಕೊಂಡ ಕಪ್ಪು-ಬಿಳುಪು ಫೋಟೊ ಮನೆಯಲ್ಲಿದ್ದರೆ, ಮೊದಲು ಹಿಂಬದಿ ತಿರುಗಿಸಿ ನೋಡಿ. ಸ್ಟುಡಿಯೊ ಮೊಹರಿನಲ್ಲಿ ‘ಮೈಸೂರು ರಾಜ್ಯ’ ಎಂದಿದ್ದರೆ ಅದು ಬಹುತೇಕ 1973ರ ನವೆಂಬರ್ 1ಕ್ಕಿಂತ ಹಿಂದಿನದು. ರಾಜ್ಯ ‘ಕರ್ನಾಟಕ’ವಾದದ್ದು ಅಂದೇ. ‘ಶಿವಮೊಗ್ಗ ಜಿಲ್ಲೆ’ ಎಂದಿದ್ದರೆ ತಪ್ಪೆಂದುಕೊಳ್ಳಬೇಡಿ. ಸಂತೇಬೆನ್ನೂರು ಇರುವ ಚನ್ನಗಿರಿ ಹಾಗೂ ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗದಿಂದ ದಾವಣಗೆರೆ ಜಿಲ್ಲೆಗೆ ಸೇರಿದ್ದು 1997ರಲ್ಲಿ.

ಚಿತ್ರ ಚೌಕಾಕಾರವಾಗಿದೆಯೇ? ಬರೋಡದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್-3ರಂಥ ಡಬ್ಬಿ ಕ್ಯಾಮೆರಾದ್ದಿರಬಹುದು. ಒಂದು ರೀಲಿಗೆ ಹನ್ನೆರಡೇ ಚಿತ್ರ! ಮದುವೆ, ನಾಮಕರಣಕ್ಕೇ ರೀಲು ಖಾಲಿ. ಹಾಗಾಗಿಯೇ ಸಂತೆ ದಿನದ ಗದ್ದಲ, ಅಡುಗೆಮನೆಯ ಒಲೆ, ಕಣದಲ್ಲಿ ರಾಗಿ ತೂರುವವರು ಹಳೇ ಆಲ್ಬಂಗಳಲ್ಲಿ ಸಿಗುವುದು ಅಪರೂಪ. ಸಿಕ್ಕರೆ ಎಸೆಯಬೇಡಿ, ಹಿಂದೆ ಪೆನ್ಸಿಲ್‌ನಲ್ಲಿ ಊರು, ಹೆಸರು ಬರೆದಿಡಿ.