ಬಿಡಕಿಬೈಲಿಗೆ ಬರುವ ದೊಡ್ಡಮ್ಮ

ಉತ್ತರ ಕನ್ನಡದ ಘಟ್ಟದ ಮೇಲಿನ ಊರು ಶಿರಸಿ. ಅಲ್ಲಿನ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ, ಫಾಲ್ಗುಣ ಮಾಸದಲ್ಲಿ. ಮಂಗಳವಾರ ರಾತ್ರಿ ದೇವಿಯ ಕಲ್ಯಾಣ. ಬುಧವಾರ ಬೆಳಿಗ್ಗೆ ರಥವೇರಿ ಅಮ್ಮ ಗುಡಿಯಿಂದ ಹೊರಟು ಬಿಡಕಿಬೈಲಿನ ಗದ್ದುಗೆಗೆ ಬರುತ್ತಾಳೆ. ಮುಂದಿನ ಬುಧವಾರದವರೆಗೂ ಅವಳ ವಾಸ ಪೇಟೆಯ ನಡುವೆಯೇ. ಈ ಜಾತ್ರೆಯ ಜೀವಾಳ ಇಲ್ಲಿದೆ ಎಂದು ನನಗನ್ನಿಸುತ್ತದೆ: ಭಕ್ತರು ದೇವಿಯ ಮನೆಗೆ ಹೋಗುವುದು ಉಳಿದ ದಿನಗಳ ಮಾತು, ಆ ವಾರ ದೇವಿಯೇ ಜನರಿರುವಲ್ಲಿಗೆ ಬಂದು ಕೂರುತ್ತಾಳೆ.

ಹಾನಗಲ್ಲಿನ ದಾರಿಯ ಕೆರೆಯೊಂದರಲ್ಲಿ ಮೂರ್ತಿ ಸಿಕ್ಕಿತೆಂಬುದು ಊರಿನ ನಂಬಿಕೆ. ಗುಡಿ ಕಟ್ಟಿದ್ದು 1688ರಲ್ಲಿ. ಮೂರ್ತಿ ಮರದ್ದು, ಸುಮಾರು ಏಳು ಅಡಿ ಎತ್ತರ. ಹುಲಿಯನ್ನೇರಿ ರಕ್ಕಸನನ್ನು ಮೆಟ್ಟಿದ ಬಹುಭುಜೆ. ಸುತ್ತಲಿನ ಮಾರಿಯರಿಗೆಲ್ಲ ಇವಳೇ ಅಕ್ಕ, ಅದಕ್ಕೇ ‘ದೊಡ್ಡಮ್ಮ’. ಗುಡಿಗೆ ಹೋದವರು ಗೋಡೆಗಳ ಮೇಲಿನ ಕಾವಿ ಚಿತ್ರಗಳನ್ನೂ ನೋಡಬೇಕು. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಬಳಿದು, ಹಸಿಯಿರುವಾಗಲೇ ಮೊನೆಯಿಂದ ಕೆರೆದು ಒಳಗಿನ ಬಿಳಿಯನ್ನು ಗೆರೆಯಾಗಿ ಹೊರಗೆ ತರುವುದು ಕಾವಿ ಕಲೆ. ಕರಾವಳಿ, ಗೋವೆಗಳಲ್ಲಿ ಬೆಳೆದ ಈ ಕೈಕಸುಬು ಬಲ್ಲವರು ಈಗ ಬೆರಳೆಣಿಕೆಯಷ್ಟು. ಉಳಿದಿರುವ ಗೋಡೆಗಳನ್ನು ಬಣ್ಣ ಬಳಿದು ಕಳೆದುಕೊಳ್ಳಬಾರದು.

ಜಾತ್ರೆಯ ಸಿದ್ಧತೆ ವಾರಗಟ್ಟಲೆ ಮೊದಲೇ ಶುರು. ಹೊರಬೀಡು ಎಂಬ ಪೂರ್ವಭಾವಿ ವಿಧಿಗಳು ನಡೆಯುತ್ತವೆ, ರಥಕ್ಕೆ ಮರ ಪೂಜಿಸಿ ತರುತ್ತಾರೆ, ಅಂಕೆ ಹಾಕುವ ಶಾಸ್ತ್ರ ಮಾಡುತ್ತಾರೆ. ಒಂದೊಂದು ಕೆಲಸಕ್ಕೂ ತಲೆಮಾರುಗಳಿಂದ ಹಕ್ಕು ಪಡೆದ ಬಾಬುದಾರ ಮನೆತನಗಳಿವೆ. ಪರಂಪರೆಯಿಂದ ದೇವಿಯ ಸೇವೆ ಮಾಡುವ ಆಸಾದಿಯರಿಲ್ಲದೆ ಈ ಉತ್ಸವ ಪೂರ್ಣವಾಗುವುದಿಲ್ಲ. ಪೂಜಾರಿ ಒಬ್ಬನಿಂದ ಸಾಗುವ ಜಾತ್ರೆಯೇ ಅಲ್ಲ ಇದು.

ಹಿಂದೆ ದೇವಿಗೆ ಬಿಟ್ಟ ಕೋಣವನ್ನು ಇಲ್ಲಿ ಬಲಿ ಕೊಡುತ್ತಿದ್ದರು. ಅಸ್ಪೃಶ್ಯತೆಯ ವಿರುದ್ಧ ಗಾಂಧೀಜಿ 1934ರಲ್ಲಿ ಕರ್ನಾಟಕ ಸುತ್ತಿದಾಗ ಶಿರಸಿಗೂ ಬಂದರು. ಪ್ರಾಣಿಬಲಿ ನಡೆಯುವ ಗುಡಿಗೆ ಕಾಲಿಡಲು ಅವರು ಒಪ್ಪಲಿಲ್ಲ. ಆ ನಿಲುವು ಊರನ್ನು ಅಲುಗಾಡಿಸಿತು. ಗುಡಿಯ ಆಡಳಿತದವರೂ ಗಾಂಧಿವಾದಿಗಳೂ ಮುಂದೆ ನಿಂತು ಕೋಣಬಲಿಯನ್ನು ನಿಲ್ಲಿಸಿದರು. ನೂರಾರು ವರ್ಷಗಳ ರೂಢಿಯನ್ನು ಊರಿನವರೇ ಬಿಟ್ಟುಕೊಟ್ಟದ್ದು ಸಣ್ಣ ಸಂಗತಿಯಲ್ಲ. ಶಿರಸಿ ಹೆಮ್ಮೆಪಡಬೇಕಾದ ವಿಷಯಗಳಲ್ಲಿ ಇದಕ್ಕೆ ಮೊದಲ ಸ್ಥಾನ ಸಲ್ಲಬೇಕು.

ಜಾತ್ರೆಗೆ ಜನ ಬರುವ ಸುತ್ತಲಿನ ಸೀಮೆಯನ್ನೂ ನೋಡಬೇಕು. ಜಿಲ್ಲೆಯ ಬಹುಪಾಲು ಕಾಡು. ಕಣಿವೆಗಳಲ್ಲಿ ಅಡಿಕೆ ತೋಟ, ಮರಕ್ಕೆ ಹಬ್ಬಿದ ಕಾಳುಮೆಣಸು, ನೆರಳಲ್ಲಿ ಏಲಕ್ಕಿ. ಜಾತ್ರೆಯ ವಾರ ಘಟ್ಟದ ಕೆಳಗಿನವರು, ತೋಟದವರು, ಹಾವೇರಿ ಕಡೆಯ ಬಯಲುಸೀಮೆಯ ರೈತರು ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಹಣ್ಣುಕಾಯಿ ಮಾಡಿಸಿ, ಉಡಿ ತುಂಬಿ ಹೊರಬಂದರೆ ಬಳೆಯಂಗಡಿ, ತೊಟ್ಟಿಲು, ನಾಟಕದ ಟೆಂಟು, ರಾತ್ರಿಯಿಡೀ ಯಕ್ಷಗಾನ.

ಕೊನೆಯ ದಿನ ಅಮ್ಮ ಗದ್ದುಗೆಯಿಂದ ಇಳಿಯುತ್ತಾಳೆ. ಜಾತ್ರೆಗಾಗಿ ಕಟ್ಟಿದ ಮಾತಂಗಿ ಚಪ್ಪರಕ್ಕೆ ಬೆಂಕಿ ಇಡುತ್ತಾರೆ. ಆಮೇಲೆ ಮೂರ್ತಿಯ ದರ್ಶನವಿಲ್ಲ. ಯುಗಾದಿಯಂದು ಗುಡಿಯಲ್ಲಿ ಮರುಪ್ರತಿಷ್ಠೆಯಾದ ಮೇಲೆಯೇ ಮತ್ತೆ ನಿತ್ಯಪೂಜೆ.