ಎಳೆಯರ ಕೈಯಲ್ಲಿ ರಚನಾವಿದ್ಯೆ

ಪ್ರತಿವರ್ಷವೂ ಸೆಪ್ಟೆಂಬರು 15 ನೆಯ ದಿನವನ್ನು ನಾವು ಇಂಜಿನಿಯರುಗಳ ದಿನವೆಂದು ಆಚರಿಸುತ್ತೇವೆ. ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹಾರ ಹಾಕುತ್ತೇವೆ. ಬಾಲಕರು ಆ ಮಹನೀಯರ ಜೀವನಚರಿತ್ರೆಯನ್ನು ಕಂಠಪಾಠ ಮಾಡಿ ಒಪ್ಪಿಸುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಅದೇ ಬಾಲಕರ ಕೈಗೆ ಹತ್ತು ಕಡ್ಡಿಗಳನ್ನೂ ಒಂದು ಗಜ ದಾರವನ್ನೂ ಕೊಟ್ಟು, "ನೀವೇ ಕೂಡಿ ಯೋಚಿಸಿ ಒಂದು ಸೇತುವೆಯನ್ನು ಕಟ್ಟಿರಿ" ಎಂದು ಹೇಳುವ ಶಾಲೆಗಳು ಎಷ್ಟಿವೆ? ಇಂಜಿನಿಯರನನ್ನು ಪೂಜಿಸುವುದು ಸುಲಭ, ಅವನಂತೆ ಯೋಚಿಸಲು ಕಲಿಸುವುದು ಕಷ್ಟ. ಸುಲಭವಾದುದನ್ನು ಹಿಡಿದು ಕಷ್ಟವಾದುದನ್ನು ನಾವು ಕೈಬಿಟ್ಟಿದ್ದೇವೆ.

ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ಸ್ಥಾಪಿತವಾದುದು 1917 ರಲ್ಲಿ. ಅಂದಿನಿಂದ ಒಂದು ಶತಮಾನಕ್ಕೂ ಮೇಲ್ಪಟ್ಟು ಕಾಲ ಸಂದಿದೆ. ನಾಡಿನಲ್ಲಿ ಅಂತಹ ಕಾಲೇಜುಗಳು ಅನೇಕವಾಗಿವೆ. ಆದರೂ ನಮ್ಮ ಬಹುಮಂದಿ ಮಕ್ಕಳಿಗೆ ಈ ವಿದ್ಯೆಯ ಮೊದಲ ದರ್ಶನವಾಗುವುದು ಹದಿನೆಂಟನೆಯ ವಯಸ್ಸಿನಲ್ಲಿ, ಅದೂ ಒಂದು ಪ್ರವೇಶಪರೀಕ್ಷೆಯ ರೂಪದಲ್ಲಿ. ಒಂದು ಪ್ರಶ್ನೆಗೆ ಒಂದೇ ಉತ್ತರ, ಅದೂ ಪುಸ್ತಕದಲ್ಲಿರುವ ಉತ್ತರ ಎಂಬ ಅಭ್ಯಾಸವು ಹನ್ನೆರಡು ವರ್ಷ ಬೇರೂರಿದ ಮೇಲೆ, ಒಂದು ಸಮಸ್ಯೆಗೆ ಹತ್ತು ಪರಿಹಾರಗಳನ್ನು ಕಲ್ಪಿಸು ಎಂದರೆ ಆ ತರುಣನು ಏನು ಮಾಡಿಯಾನು? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಈ ವಿಷಯದಲ್ಲಿ ಅಮೆರಿಕದವರು ನಡೆಸಿದ ಪ್ರಯತ್ನವು ವಿಚಾರಾರ್ಹವಾಗಿದೆ. ಬಾಸ್ಟನ್ ನಗರದ ವಿಜ್ಞಾನ ವಸ್ತುಸಂಗ್ರಹಾಲಯದವರು 2003 ರಲ್ಲಿ ಒಂದರಿಂದ ಐದನೆಯ ತರಗತಿಯ ಮಕ್ಕಳಿಗಾಗಿ ಇಂಜಿನಿಯರಿಂಗ್ ಪಾಠಕ್ರಮವೊಂದನ್ನು ಆರಂಭಿಸಿದರು. ಕೇಳು, ಕಲ್ಪಿಸು, ಯೋಜಿಸು, ನಿರ್ಮಿಸು, ಉತ್ತಮಪಡಿಸು ಎಂಬ ಐದೇ ಮೆಟ್ಟಿಲುಗಳು ಅದರ ಸಾರ. ಪ್ರತಿಯೊಂದು ಪಾಠಕ್ಕೂ ಯಾವುದಾದರೊಂದು ದೇಶದ ಬಾಲಕನ ಅಥವಾ ಬಾಲಕಿಯ ಕಥೆಯುಂಟು. ಅವುಗಳಲ್ಲೊಂದು ನಮ್ಮ ಭಾರತದ ಸಲಿಲಾ ಎಂಬ ಹುಡುಗಿಯದು. ಕಲುಷಿತವಾದ ನದೀಜಲದಿಂದ ಆಮೆಯೊಂದನ್ನು ಕಾಪಾಡುವ ಆ ಕಥೆಯನ್ನೋದಿ, ಅಮೆರಿಕದ ಮಕ್ಕಳು ನೀರು ಸೋಸುವ ಸಾಧನವನ್ನು ತಾವೇ ರಚಿಸುತ್ತಾರೆ. ನಮ್ಮ ನದಿಯ ಕೊಳೆಯನ್ನು ಕುರಿತು ಅವರ ಮಕ್ಕಳು ತಲೆಕೆಡಿಸಿಕೊಳ್ಳುತ್ತಿರಲು, ನಮ್ಮ ಮಕ್ಕಳು ಜಲಮಾಲಿನ್ಯದ ಕಾರಣಗಳನ್ನು ಬಾಯಿಪಾಠ ಮಾಡುತ್ತಿದ್ದಾರೆ! 2013 ರಲ್ಲಿ ಆ ದೇಶದಲ್ಲಿ ಪ್ರಕಟವಾದ ವಿಜ್ಞಾನಶಿಕ್ಷಣದ ಹೊಸ ಮಾನದಂಡಗಳು ಇಂತಹ ರಚನಾಭ್ಯಾಸಕ್ಕೆ ಶಿಶುವಿಹಾರದಿಂದಲೇ ಸ್ಥಾನ ಕೊಟ್ಟಿವೆ.

ಐದು ಮೆಟ್ಟಿಲುಗಳಲ್ಲಿ ನಮ್ಮ ಶಾಲೆಗಳಿಗೆ ಅತ್ಯಂತ ಅಪರಿಚಿತವಾದುದು ಎರಡನೆಯದು, ಎಂದರೆ ಕಲ್ಪಿಸುವುದು. ಇದಕ್ಕೆ ಕೂಡಿ ಯೋಚಿಸುವ ಆಟಗಳೇ ಸಾಧನ. ಅಲೆಕ್ಸ್ ಆಸ್‌ಬರ್ನ್ ಎಂಬ ಅಮೆರಿಕದ ಜಾಹೀರಾತು ವ್ಯವಸಾಯಿಯು 1953 ರ ತನ್ನ ಗ್ರಂಥದಲ್ಲಿ ಇದಕ್ಕೆ ನಾಲ್ಕು ನಿಯಮಗಳನ್ನು ಹಾಕಿಕೊಟ್ಟನು: ಆಲೋಚನೆಗಳು ಬರುತ್ತಿರುವಾಗ ಯಾರನ್ನೂ ಖಂಡಿಸಬಾರದು, ಎಷ್ಟು ವಿಚಿತ್ರವಾದ ಆಲೋಚನೆಗೂ ಸ್ವಾಗತವಿರಬೇಕು, ಸಂಖ್ಯೆ ಹೆಚ್ಚಾದಷ್ಟೂ ಒಳ್ಳೆಯದು, ಒಬ್ಬರ ಆಲೋಚನೆಗೆ ಮತ್ತೊಬ್ಬರು ತಮ್ಮದನ್ನು ಕೂಡಿಸಿ ಬೆಳೆಸಬೇಕು. ಇದು ಮಥನವೇ ಸರಿ. ಕ್ಷೀರಸಾಗರವನ್ನು ಕಡೆದಾಗಲೂ ಮೊದಲು ಬಂದುದು ಹಾಲಾಹಲ. ಅದಕ್ಕೆ ಬೆದರಿ ಹಗ್ಗ ಬಿಟ್ಟಿದ್ದರೆ ಅಮೃತವು ದೊರೆಯುತ್ತಿತ್ತೇ?

ಆದರೆ ಇದರಲ್ಲಿಯೂ ಎಚ್ಚರಿಕೆ ಬೇಕು. ಯೇಲ್ ವಿಶ್ವವಿದ್ಯಾನಿಲಯದ ಪಂಡಿತರು 1958 ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನಾಲ್ವರು ಗುಂಪಾಗಿ ಯೋಚಿಸಿದುದಕ್ಕಿಂತ ಅಷ್ಟೇ ಮಂದಿ ಪ್ರತ್ಯೇಕವಾಗಿ ಯೋಚಿಸಿದಾಗ ಹೆಚ್ಚು ಆಲೋಚನೆಗಳು ಹೊರಟುವು. ಒಬ್ಬನು ಮಾತನಾಡುತ್ತಿರುವಾಗ ಉಳಿದವರು ಕಾಯಬೇಕಾಗುತ್ತದೆ; ಕಾಯುವಷ್ಟರಲ್ಲಿ ಹೊಳೆದುದು ಮರೆತುಹೋಗುತ್ತದೆ. ತರಗತಿಯಲ್ಲಿ ಮತ್ತೊಂದು ವಿಪತ್ತೂ ಉಂಟು: ಬಾಯಿಬಡುಕನಾದ ಬಾಲಕನು ಆಳುತ್ತಾನೆ, ಹಿಂದಿನ ಸಾಲಿನ ಹುಡುಗಿ ಮೌನವಾಗಿರುತ್ತಾಳೆ. ಆದುದರಿಂದ ಮೊದಲು ಪ್ರತಿಯೊಬ್ಬರೂ ಐದು ನಿಮಿಷ ತಮ್ಮ ಹಲಗೆಯ ಮೇಲೆ ಚಿತ್ರ ಬರೆದುಕೊಂಡು, ಅನಂತರ ಸರದಿಯಂತೆ ಗುಂಪಿನ ಮುಂದಿಡತಕ್ಕದ್ದು.

ಮಕ್ಕಳಿಗೆ ಇದೆಲ್ಲವೂ ಭಾರವಾದೀತೆಂದು ಶಂಕಿಸುವವರು ಪೀಟರ್ ಸ್ಕಿಲ್‌ಮನ್ ಎಂಬಾತನು ಕಲ್ಪಿಸಿದ ಆಟವೊಂದನ್ನು ಗಮನಿಸಬೇಕು. ಗಟ್ಟಿಶಾವಿಗೆಯ 20 ಕಡ್ಡಿಗಳು, ಒಂದು ಗಜ ಅಂಟುಪಟ್ಟಿ, ಒಂದು ಗಜ ದಾರ, ಒಂದು ಮೆತ್ತನೆಯ ಮಿಠಾಯಿ. ನಾಲ್ವರು ಕೂಡಿ 18 ನಿಮಿಷಗಳಲ್ಲಿ ಎತ್ತರವಾದ ಗೋಪುರವನ್ನು ಕಟ್ಟಿ ಮಿಠಾಯಿಯನ್ನು ತುದಿಯಲ್ಲಿ ನಿಲ್ಲಿಸಬೇಕು. ಈ ಆಟವನ್ನು ಅನೇಕರಿಂದ ಆಡಿಸಿದ ಟಾಮ್ ವುಜೆಕ್ ಎಂಬವರು 2010 ರ ಉಪನ್ಯಾಸದಲ್ಲಿ ತಿಳಿಸಿದುದೇನೆಂದರೆ, ವಾಣಿಜ್ಯಶಾಸ್ತ್ರದ ಪದವೀಧರರಿಗಿಂತ ಶಿಶುವಿಹಾರದ ಮಕ್ಕಳೇ ಮೇಲಾಗಿ ಕಟ್ಟುತ್ತಾರೆ! ಪದವೀಧರರು ನಾಯಕನಾರೆಂಬುದನ್ನು ನಿರ್ಧರಿಸುವುದರಲ್ಲಿಯೂ ಒಂದೇ ಯೋಜನೆಯನ್ನು ತಿದ್ದಿತೀಡುವುದರಲ್ಲಿಯೂ ಕಾಲವನ್ನು ಕಳೆದು, ಕೊನೆಯ ಗಳಿಗೆಯಲ್ಲಿ ಮಿಠಾಯಿಯನ್ನಿಟ್ಟಾಗ ಗೋಪುರವು ಕುಸಿಯುತ್ತದೆ. ಮಕ್ಕಳಾದರೋ ಮೊದಲಿನಿಂದಲೇ ಮಿಠಾಯಿಯನ್ನಿಟ್ಟು ನೋಡಿ, ಬಿದ್ದುದನ್ನು ಮತ್ತೆ ಮತ್ತೆ ಎತ್ತಿ ಕಟ್ಟುತ್ತಾರೆ.

ಇದಕ್ಕೆ ಬೇಕಾದ ನೆಲ ನಮ್ಮಲ್ಲಿ ಹದವಾಗಿಯೇ ಇದೆ. ಕೈಕೆಲಸವೇ ಶಿಕ್ಷಣದ ಕೇಂದ್ರವಾಗಬೇಕೆಂಬ ಮಹಾತ್ಮ ಗಾಂಧೀಜಿಯವರ ಯೋಜನೆಯು ವಾರ್ಧಾದಲ್ಲಿ ರೂಪುಗೊಂಡುದು 1937 ರಲ್ಲಿ. ಹೆಗ್ಗಡದೇವನಕೋಟೆಯಲ್ಲಿ 1995 ರಲ್ಲಿ ಹುಟ್ಟಿದ ನಲಿ-ಕಲಿ ಪದ್ಧತಿಯು ಎಳೆಯರನ್ನು ಗುಂಪುಗಳಲ್ಲಿ ಕೂರಿಸಿ ಚಟುವಟಿಕೆಯಿಂದ ಕಲಿಸುವುದನ್ನು ನಾಡಿಗೆ ತೋರಿಸಿಕೊಟ್ಟಿತು. 2016 ರಲ್ಲಿ ಕೇಂದ್ರಸರಕಾರವು ಆರಂಭಿಸಿದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳಿಗೆ ಶಾಲೆಯೊಂದಕ್ಕೆ 20 ಲಕ್ಷ ರೂಪಾಯಿಗಳವರೆಗೆ ಸಹಾಯಧನವುಂಟು. ಆದರೆ ಅವು ಆರರಿಂದ ಹನ್ನೆರಡನೆಯ ತರಗತಿಯವರಿಗೆ. ಅದಕ್ಕಿಂತ ಕೆಳಗಿನ ಮಕ್ಕಳಿಗೆ ಲಕ್ಷಗಳ ಅವಶ್ಯಕತೆಯೇ ಇಲ್ಲ. ಜೋಳದ ದಂಟಿನ ಬೆಂಡಿನಿಂದ ಬಂಡಿ ಮಾಡುವ ಹಳ್ಳಿಯ ಹುಡುಗನಿಗೆ ಸಾಮಗ್ರಿಯ ಕೊರತೆಯೆಲ್ಲಿಯದು? ಎರಡು ಮಣೆಗಳ ನಡುವೆ ಎರಡು ಗೇಣು ಅಂತರ. ಹಳೆಯ ಪತ್ರಿಕೆಯ ನಾಲ್ಕು ಹಾಳೆ. ಹೆಚ್ಚು ಬೆಣಚುಕಲ್ಲುಗಳನ್ನು ಹೊರುವ ಸೇತುವೆಯೇ ಗೆದ್ದಂತೆ. ಹಾಳೆಯನ್ನು ಮಡಿಸಿದರೆ ಅದು ಏಕೆ ಬಾಗದೆಂಬ ಪ್ರಶ್ನೆಯು ಅಲ್ಲಿಯೇ ಹುಟ್ಟುತ್ತದೆ; ಅಳತೆಯೂ ಲೆಕ್ಕವೂ ಅಲ್ಲಿಯೇ ಉಪಯೋಗಕ್ಕೆ ಬರುತ್ತವೆ.

ಪಾಠಗಳು ಮುಗಿಯುವುದೇ ಕಷ್ಟವಾಗಿರುವಾಗ ಇದಕ್ಕೆ ಕಾಲವೆಲ್ಲಿ ಎಂದು ಉಪಾಧ್ಯಾಯರು ಕೇಳುವುದು ನ್ಯಾಯವೇ. ಮೇಲಿನ ಅಧಿಕಾರಿಗಳು ತರಗತಿಯ ಮೌನವನ್ನೇ ಶಿಸ್ತೆಂದು ಎಣಿಸಿದರೆ ಯಾವ ಉಪಾಧ್ಯಾಯರು ತಾನೇ ಈ ಗದ್ದಲಕ್ಕೆ ಎಡೆಗೊಟ್ಟಾರು? ಆದುದರಿಂದ ಮೊದಲ ಹೆಜ್ಜೆಯನ್ನಿಡಬೇಕಾದುದು ವಿದ್ಯಾ ಇಲಾಖೆ. ವಾರಕ್ಕೊಂದು ಅವಧಿಯನ್ನು ಇದಕ್ಕೆ ಮೀಸಲಿಟ್ಟು, ಅದಕ್ಕೆ ಅಂಕವನ್ನಾಗಲಿ ಪರೀಕ್ಷೆಯನ್ನಾಗಲಿ ಅಂಟಿಸದಿರಲಿ. ಕಟ್ಟಿದುದು ಬಿದ್ದರೆ ನಗದೆ, ಏಕೆ ಬಿದ್ದಿತೆಂದು ಕೂಡಿ ಕೇಳುವ ಅಭ್ಯಾಸವು ಹತ್ತು ವರ್ಷದ ಮಕ್ಕಳಲ್ಲಿ ಬೇರೂರಿದರೆ, ಮುಂದೆ ಅವರು ಇಂಜಿನಿಯರುಗಳಾಗದಿದ್ದರೂ ಚಿಂತೆಯಿಲ್ಲ. ಪರರು ರಚಿಸಿದುದನ್ನು ಕೊಂಡು ತೃಪ್ತರಾಗುವ ಜನಾಂಗವಾಗಿ ಉಳಿಯಲಾರರು.