ಮಾಲ್ ಹಿಂದಿನ ಜೌಗಿನಲ್ಲಿ ಮೀನುಗಿಡುಗ

ನ್ಯೂಜೆರ್ಸಿಯ ಕನ್ನಡ ಮನೆಗಳಿಗೆ ಊರಿಂದ ಅಪ್ಪ–ಅಮ್ಮ ಬಂದರೆ, ನಯಾಗರ ನೋಡಿಯಾದ ಮೇಲೆ ಏಳುವ ಮಾತು ಯೆಲ್ಲೋಸ್ಟೋನ್‌ನದು. ಐನೂರಕ್ಕೂ ಹೆಚ್ಚು ಬಿಸಿನೀರ ಚಿಲುಮೆಗಳು, ಕರಡಿ, ತೋಳ, ಬೈಸನ್ ಹಿಂಡು. ಆದರೆ ಅದಕ್ಕೆ ವಿಮಾನ ಹತ್ತಬೇಕು, ವಾರದ ರಜೆ ಹೊಂದಿಸಬೇಕು. ಒಂದೇ ದಿನ ಬಿಡುವಿದ್ದವರಿಗೆ ಹತ್ತಿರದಲ್ಲೇ ಸೀಕಾಕಸ್ ಇದೆ. ರೈಲು ಬದಲಿಸಲು, ಔಟ್‌ಲೆಟ್‌ಗಳಲ್ಲಿ ಬಟ್ಟೆ ಕೊಳ್ಳಲು ಎಲ್ಲರೂ ಹೋಗುವ ಅದೇ ಊರು.

ಇಲ್ಲಿ ಚಿಲುಮೆಗಳಿಲ್ಲ, ಭೂಗರ್ಭದ ಬೆಂಕಿಯ ಗುರುತು ಮಾತ್ರ ಇದೆ. ಟರ್ನ್‌ಪೈಕ್ ಪಕ್ಕದ ಬಯಲಲ್ಲಿ ಒಂಟಿಯಾಗಿ ಎದ್ದಿರುವ ಸ್ನೇಕ್ ಹಿಲ್, ಸುಮಾರು 20 ಕೋಟಿ ವರ್ಷಗಳ ಹಿಂದೆ ಖಂಡಗಳು ಒಡೆಯುವಾಗ ಮೇಲೇರಿದ ಶಿಲಾರಸ ಆರಿ ಆದ ಕಪ್ಪುಕಲ್ಲು. ಜಲ್ಲಿಗಾಗಿ ಗುಡ್ಡದ ಬಹುಪಾಲನ್ನು ಒಡೆದು ಸಾಗಿಸಿದ್ದಾರೆ. ಉಳಿದ ಬಂಡೆಗೋಡೆಯಲ್ಲಿ ರೇವನ್ ಕಾಗೆಗಳು ಗೂಡು ಕಟ್ಟುತ್ತವೆ.

ಪ್ರಾಣಿಪಕ್ಷಿಗಳಿಗಾಗಿ ಹೋಗಬೇಕಾದ್ದು ಮಿಲ್ ಕ್ರೀಕ್ ಜೌಗಿಗೆ. ದಾರಿ ಶುರುವಾಗುವುದು ಮಾಲ್ ಹಿಂಬದಿಯಿಂದ, ಪ್ರವೇಶ ಉಚಿತ. ಯೆಲ್ಲೋಸ್ಟೋನ್‌ನ ಓಲ್ಡ್ ಫೇತ್‌ಫುಲ್ ಚಿಲುಮೆ ಸರಾಸರಿ ಒಂದೂವರೆ ಗಂಟೆಗೊಮ್ಮೆ ಚಿಮ್ಮುವುದರಿಂದ ಅಲ್ಲಿ ಗಡಿಯಾರ ನೋಡುತ್ತಾರೆ. ಇಲ್ಲಿ ನೋಡಬೇಕಾದ್ದು ಸಮುದ್ರದ ಉಬ್ಬರ–ಇಳಿತದ ವೇಳಾಪಟ್ಟಿ. ಜೌಗಿನ ಪಕ್ಕದ ಹ್ಯಾಕೆನ್‌ಸ್ಯಾಕ್ ನದಿಯ ನೀರು ದಿನಕ್ಕೆ ಎರಡು ಬಾರಿ ಏರಿ ಇಳಿಯುತ್ತದೆ. ಇಳಿದಾಗ ಕೆಸರು ತೆರೆದುಕೊಂಡು, ಗೊರವ ಜಾತಿಯ ಪುಟ್ಟ ಹಕ್ಕಿಗಳು ಹುಳ ಹೆಕ್ಕಲು ಇಳಿಯುತ್ತವೆ. ಬೆಳ್ಳಕ್ಕಿಗಳು ಕಾಲುವೆಯಂಚಿನಲ್ಲಿ ಮೀನಿಗೆ ಹೊಂಚುತ್ತವೆ. ಅವುಗಳ ನಡುವೆಯೇ ಸೀಡರ್ ಮರಗಳ ಬೂದುಬಣ್ಣದ ಬುಡಗಳು ಕಾಣುತ್ತವೆ.

ಒಂದು ಕಾಲಕ್ಕೆ ಈ ಬಯಲಲ್ಲಿ ಸೀಡರ್ ಕಾಡೇ ಇತ್ತು. ಜನ ಕಡಿದರು, ಕಾಲುವೆ ತೋಡಿದರು. 1920ರ ದಶಕದಲ್ಲಿ ಮೇಲ್ಗಡೆ ಒರಾಡೆಲ್ ಅಣೆಕಟ್ಟೆ ಬಂದು ಸಿಹಿನೀರು ಕಡಿಮೆಯಾಯಿತು, ಉಪ್ಪುನೀರು ಒಳನುಗ್ಗಿತು. ಜೊಂಡು ಹಬ್ಬಿತು. ಹಂದಿ ಸಾಕಣೆಗೆ ಹೆಸರಾಗಿದ್ದ ಊರಿನ ಸುತ್ತಲ ಜೌಗು ಪ್ರದೇಶ ಮಹಾನಗರದ ಕಸದ ತಿಪ್ಪೆಯಾಯಿತು. 1969ರಲ್ಲಿ ಈ ಬಯಲಿಗೆಂದೇ ಒಂದು ಆಯೋಗ ಬಂತು. ಮುಂದೆ ಮಿಲ್ ಕ್ರೀಕ್‌ನಲ್ಲಿ ಜೊಂಡು ತೆಗೆದು, ನೀರಿನ ಹರಿವಿಗೆ ದಾರಿ ಬಿಡಿಸಲಾಯಿತು.

ಅದರ ಫಲ ನೋಡಬೇಕೆಂದರೆ ಆಸ್ಪ್ರೆ ಎಂಬ ಮೀನುಗಿಡುಗ ಬೇಟೆಯಾಡುವುದನ್ನು ನೋಡಬೇಕು. ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಂತು, ಕಾಲು ಮುಂದೆ ಚಾಚಿ ನೀರಿಗೆ ಬೀಳುತ್ತದೆ. ಮೇಲೆದ್ದು ಮೈ ಒದರಿ, ಮೀನಿನ ತಲೆ ಮುಂದಾಗುವಂತೆ ಹಿಡಿತ ಬದಲಿಸಿಕೊಂಡು ಹಾರುತ್ತದೆ. ಡಿಡಿಟಿಯಿಂದ ಮೊಟ್ಟೆಯ ಚಿಪ್ಪು ತೆಳುವಾಗಿ ಈ ಹಕ್ಕಿ ಇಲ್ಲಿ ಅಳಿವಿನಂಚಿಗೆ ಬಂದಿತ್ತು. 1972ರ ನಿಷೇಧದ ನಂತರ ಚೇತರಿಸಿಕೊಂಡಿತು. ಚಳಿಗಾಲದಲ್ಲಿ ಕಬಿನಿ ಹಿನ್ನೀರಿಗೆ ಬರುವುದೂ ಇದೇ ಜಾತಿಯ ಹಕ್ಕಿ.

ಯೆಲ್ಲೋಸ್ಟೋನ್‌ಗೆ ಕೆಡುವ ಮೊದಲೇ, 1872ರಲ್ಲಿ, ಕಾನೂನಿನ ಕಾವಲು ಬಂತು; ಸೀಕಾಕಸ್‌ಗೆ ಕೆಟ್ಟ ಮೇಲೆ. ನದಿಯ ತಳದಲ್ಲಿ ಇನ್ನೂ ವಿಷವಿದೆ. 2022ರಲ್ಲಿ ಕೆಳಹರಿವು ಒಕ್ಕೂಟ ಸರ್ಕಾರದ ಸೂಪರ್‌ಫಂಡ್ ಶುದ್ಧೀಕರಣ ಪಟ್ಟಿ ಸೇರಿತು. ಬೆಳ್ಳಂದೂರು ಕೆರೆಯ ನೊರೆ ನೋಡಿ ಕೈಚೆಲ್ಲಿದವರು ಇಲ್ಲಿಗೊಮ್ಮೆ ಬರಬೇಕು. ದುಡ್ಡು, ದಶಕಗಳ ತಾಳ್ಮೆ ಎರಡೂ ಇದ್ದರೆ ಹಕ್ಕಿ ಮರಳುತ್ತದೆ. ಸೀಡರ್ ಕಾಡು ಮಾತ್ರ ಇನ್ನೂ ಮರಳಿಲ್ಲ. ರಿಪೇರಿಯ ಲೆಕ್ಕ ಹಾಕುವವರು ಅದನ್ನೂ ಸೇರಿಸಿಕೊಳ್ಳಬೇಕು.